ಒಳಹರಿವು, ಹೊರಹರಿವು ಮತ್ತು ಕಣ್ಣಿಗೆ ಹಾಕುವ ಒಂದು ಹನಿ

ಮುಂಗಾರು ಹಿಡಿಯಿತೆಂದರೆ ಮಂಡ್ಯ ಸೀಮೆಯಲ್ಲಿ ಪೇಪರ್ ಓದುವ ಕ್ರಮವೇ ಬದಲಾಗುತ್ತದೆ. ಮೊದಲು ಕಣ್ಣು ಹೋಗುವುದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟಕ್ಕೆ: ಗರಿಷ್ಠ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಆ ನಾಲ್ಕು ಸಾಲು ನೋಡಿಕೊಂಡೇ ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಭತ್ತದ ಒಟ್ಟಲು ಹಾಕುವುದೋ ಇನ್ನೊಂದು ವಾರ ಕಾಯುವುದೋ ಎಂಬ ತೀರ್ಮಾನ. ನಾಗಮಂಗಲದವರಿಗೆ ನಾಲೆಯ ಭಾಗ್ಯ ಕಡಿಮೆ. ಅವರು ತಮ್ಮೂರ ಕೆರೆಯ ತೂಬು, ಕೋಡಿ ನೋಡಿಕೊಂಡು ಇದೇ ಲೆಕ್ಕ ಹಾಕುತ್ತಾರೆ. ಗ್ಲಾಕೋಮಾ ಎಂಬ ಕಾಯಿಲೆ, ಅದಕ್ಕೆ ಬರೆದುಕೊಡುವ ಹನಿ ಔಷಧಿ, ಎರಡೂ ಅರ್ಥವಾಗಲು ಇಷ್ಟು ತಿಳಿವಳಿಕೆ ಸಾಕು. ನಮ್ಮ ದೊಡ್ಡವ್ವನಿಗೆ ನಾನು ಅರ್ಥ ಮಾಡಿಸಿದ್ದೂ ಹೀಗೆಯೇ, ಅದೂ ಅವಳು ಮೂರು ತಿಂಗಳು ಹಾಕಿದ ಹನಿಯನ್ನು ತಾನಾಗಿಯೇ ನಿಲ್ಲಿಸಿ ಕೂತ ಮೇಲೆ.

ದೊಡ್ಡವ್ವ ಇರುವುದು ಕೆ.ಆರ್.ಪೇಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಕೆಲವು ವರ್ಷದ ಹಿಂದೆ ಶಿಬಿರದಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡಿದ್ದಳು. ಮಾರನೆಯ ದಿನ ಪಟ್ಟಿ ಬಿಚ್ಚಿದಾಗ ಗೋಡೆಯ ಮೇಲಿನ ಕ್ಯಾಲೆಂಡರಿನ ಅಂಕಿ ಕಂಡಿತ್ತು. ಕಣ್ಣಿನ ಔಷಧವೆಂದರೆ ಹಾಗಿರಬೇಕು ಎಂಬುದು ಅವಳ ಲೆಕ್ಕ. ಗ್ಲಾಕೋಮಾ ಹನಿ ಹಾಗೇನೂ ಮಾಡಲಿಲ್ಲ. "ಹಾಕ್ಕಂಡ್ರೂ ಅಷ್ಟೇಯ, ಬುಟ್ರೂ ಅಷ್ಟೇಯ ಕನಪ್ಪ. ಕಣ್ಣುರಿ ಒಂದು ಬತ್ತದೆ, ಇನ್ನೇನೂ ಇಲ್ಲ" ಅಂದಳು. ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಈ ಔಷಧಿಯ ದೊಡ್ಡ ತೊಡಕೇ ಅದು.

ಕಣ್ಣಿನ ಮುಂಭಾಗದಲ್ಲಿ, ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೂ ಒಳಗಿನ ಮಸೂರಕ್ಕೂ ನಡುವೆ, ತಿಳಿನೀರಿನಂಥ ಒಂದು ದ್ರವ ಇರುತ್ತದೆ. ಇದು ಕಣ್ಣೀರಲ್ಲ. ಕಣ್ಣೀರು ಹೊರಗಿನದು, ಇದು ಒಳಗಿನದು. ಎಷ್ಟು ಅತ್ತರೂ ಇದು ಖರ್ಚಾಗುವುದಿಲ್ಲ. ಮಸೂರದ ಸುತ್ತ ಇರುವ ಒಂದು ಅಂಗಾಂಶ ಇದನ್ನು ಹಗಲೂ ರಾತ್ರಿ ತಯಾರಿಸುತ್ತಲೇ ಇರುತ್ತದೆ. ದಿನಕ್ಕೆ ಸುಮಾರು 3 ಎಂ.ಎಲ್., ಅಂದರೆ ಅರ್ಧ ಟೀ ಚಮಚಕ್ಕಿಂತ ತುಸು ಹೆಚ್ಚು. ಅದು ಪಾಪೆಯ ಕಂಡಿಯಿಂದ ಮುಂದಕ್ಕೆ ಬಂದು, ಕಣ್ಣಿನ ಅಂಚಿನ ಒಂದು ಮೂಲೆಯಲ್ಲಿರುವ ಜರಡಿಯಂಥ ಬಲೆಯ ಮೂಲಕ ಸೋಸಿ ರಕ್ತಕ್ಕೆ ಸೇರುತ್ತದೆ. ಕೆರೆಯ ಭಾಷೆಯಲ್ಲಿ ಇದು ತೂಬು. ಇದಲ್ಲದೆ ಕಣ್ಣಿನ ಸ್ನಾಯುಗಳ ಸಂದಿಯಲ್ಲಿ ನಿಧಾನವಾಗಿ ಇಂಗಿ ಹೋಗುವ ಇನ್ನೊಂದು ದಾರಿಯೂ ಇದೆ. ಏರಿಯ ಬುಡದಲ್ಲಿ ಬಸಿಯುವ ನೀರಿನ ಹಾಗೆ. ಹುಟ್ಟುವುದೂ ಹೋಗುವುದೂ ಸಮವಿದ್ದರೆ ಕಣ್ಣಿನ ಒತ್ತಡ ಸಾಮಾನ್ಯವಾಗಿ ಪಾದರಸದ ಅಳತೆಯಲ್ಲಿ 10ರಿಂದ 21 ಮಿಲಿಮೀಟರ್ ಒಳಗೆ ನಿಲ್ಲುತ್ತದೆ. ವಯಸ್ಸಾದಂತೆ ತೂಬಿನಲ್ಲಿ ಹೂಳು ತುಂಬಿದರೆ ಮಟ್ಟ ಏರುತ್ತದೆ.

ಕಟ್ಟೆಗೂ ಕಣ್ಣಿಗೂ ಇರುವ ವ್ಯತ್ಯಾಸ ಎಂದರೆ ಕಣ್ಣಿಗೆ ಕೋಡಿ ಇಲ್ಲ. ಹೆಚ್ಚಾದ ಒತ್ತಡ ಹಿಂದಕ್ಕೆ ತಳ್ಳಿ, ಕಣ್ಣಿನಿಂದ ಮಿದುಳಿಗೆ ಹೋಗುವ ನರವನ್ನು ಹಿಂಡುತ್ತದೆ. ಆ ನರವೆಂದರೆ ಹತ್ತು ಲಕ್ಷಕ್ಕೂ ಮಿಕ್ಕ ಎಳೆಗಳ ಒಂದು ಹುರಿ. ಒಂದೊಂದೇ ಎಳೆ ಸಾಯುತ್ತ ಬರುತ್ತದೆ, ಸತ್ತದ್ದು ಮತ್ತೆ ಚಿಗುರುವುದಿಲ್ಲ. ನೋಟ ಮೊದಲು ಹೋಗುವುದು ಅಂಚಿನಲ್ಲಿ. ನಡುವಿನ ನೋಟ ಕೊನೆಯವರೆಗೂ ಉಳಿಯುವುದರಿಂದ ಸೂಜಿಗೆ ದಾರ ಪೋಣಿಸಬಲ್ಲವರೂ ಬದುವಿನ ಮೇಲೆ ನಡೆಯುವಾಗ ಎಡವುತ್ತಾರೆ, ಪಕ್ಕದಿಂದ ಬಂದ ಬೈಕು ಕಾಣದೆ ಬೆಚ್ಚುತ್ತಾರೆ. ನೋವಿಲ್ಲ, ಕೆಂಪಿಲ್ಲ. "ಪೊರೆ ಇರ್ಬೇಕು, ಇನ್ನೂ ಬಲೀಲಿ" ಎಂದು ಕಾಯುತ್ತ ಕೂತವರಲ್ಲಿ ಎಷ್ಟೋ ಜನರಿಗೆ ಇದ್ದದ್ದು ಪೊರೆಯಲ್ಲ, ಗ್ಲಾಕೋಮಾ. ಪೊರೆಗೆ ಕಾದರೆ ಕಳೆದುಕೊಳ್ಳುವುದು ಸಮಯ ಮಾತ್ರ. ಇಲ್ಲಿ ಕಾದಷ್ಟೂ ದಿನ ಕಣ್ಣೇ ಹೋಗುತ್ತಿರುತ್ತದೆ. ದೇಶದಲ್ಲಿ 40 ದಾಟಿದ ಒಂದು ಕೋಟಿಗೂ ಹೆಚ್ಚು ಜನಕ್ಕೆ ಈ ಕಾಯಿಲೆ ಇದೆ ಎಂಬ ಅಂದಾಜಿದೆ, ಅವರಲ್ಲಿ ಬಹುಪಾಲು ಜನಕ್ಕೆ ಅದು ಗೊತ್ತೇ ಇಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. 21 ಎಂಬುದು ಲಕ್ಷ್ಮಣರೇಖೆಯಲ್ಲ. ಒತ್ತಡ 16 ಇದ್ದೂ ನರ ಸವೆಯುವವರಿದ್ದಾರೆ, 24 ಇದ್ದೂ ವರ್ಷಗಟ್ಟಲೆ ಏನೂ ಆಗದವರಿದ್ದಾರೆ. ಅದಕ್ಕೇ ಡಾಕ್ಟರು ನರದ ಸ್ಥಿತಿ ನೋಡಿ "ನಿಮ್ಮ ಕಣ್ಣು ಇಷ್ಟರೊಳಗಿರಲಿ" ಎಂದು ಆಯಾ ರೋಗಿಗೆ ಒಂದು ಮಟ್ಟ ಗೊತ್ತು ಮಾಡುತ್ತಾರೆ. ಆ ಮಟ್ಟ ಎಷ್ಟು ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಸ್ವೀಡನ್ನಿನಲ್ಲಿ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನಡೆಸಿದ ಒಂದು ಅಧ್ಯಯನದಲ್ಲಿ, ಇಳಿದ ಪ್ರತಿ ಒಂದು ಮಿಲಿಮೀಟರಿಗೆ ಕಾಯಿಲೆ ಮುಂದುವರಿಯುವ ಅಪಾಯ ಸುಮಾರು ಶೇ 10ರಷ್ಟು ತಗ್ಗಿದ್ದು ಕಂಡುಬಂತು. ಇನ್ನು "ನಂಗೆ ಬಿಪಿ ಇಲ್ವಲ್ಲ, ಕಣ್ಣಿಗೆಲ್ಲಿಂದ ಪ್ರೆಸರ್ ಬಂತು" ಎನ್ನುವವರಿಗೆ ಉತ್ತರ: ಅದು ಬೇರೆ, ಇದು ಬೇರೆ. ಬಿಪಿ ಮಾತ್ರೆ ನುಂಗಿದರೆ ಕಣ್ಣಿನ ಹನಿ ಬೇಡ ಅಂತಲ್ಲ.

ಹನಿ ಔಷಧಿ ಮಾಡುವುದು ಎರಡೇ ಕೆಲಸ. ಒಂದೋ ಒಳಹರಿವು ತಗ್ಗಿಸಬೇಕು, ಇಲ್ಲವೇ ಹೊರಹರಿವು ಹೆಚ್ಚಿಸಬೇಕು. ಯಾವ ಬಾಟಲಿ ಯಾವ ಕೆಲಸದ್ದು ಎಂದು ತಿಳಿಯಲು ಒಂದು ಸುಲಭದ ಉಪಾಯವಿದೆ. ನಮ್ಮ ಕಡೆ ಊರಿನ ಹೆಸರಿನ ಕೊನೆಯಲ್ಲಿ ಕೊಪ್ಪಲು ಎಂದೋ ಹುಂಡಿ ಎಂದೋ ಬಂದರೆ ಅದು ಯಾವ ಸೀಮೆಯದೆಂದು ಹೇಳಿಬಿಡುವುದಿಲ್ಲವೇ, ಹಾಗೆ ಔಷಧಿಯ ಹೆಸರಿನ ಬಾಲ ನೋಡಬೇಕು. ದೊಡ್ಡ ಅಕ್ಷರದ ಕಂಪನಿ ಹೆಸರಲ್ಲ, ಅದರ ಕೆಳಗೆ ಸಣ್ಣಕ್ಷರದಲ್ಲಿರುವ ಹೆಸರು.

'ಪ್ರೋಸ್ಟ್' ಎಂದು ಮುಗಿಯುವವು ಇಂದು ಹೆಚ್ಚಾಗಿ ಮೊದಲಿಗೆ ಬರೆಯುವ ಗುಂಪು: ಲಟಾನೋಪ್ರೋಸ್ಟ್, ಟ್ರಾವೋಪ್ರೋಸ್ಟ್, ಬಿಮಾಟೋಪ್ರೋಸ್ಟ್, ಟಾಫ್ಲುಪ್ರೋಸ್ಟ್. ಲಟಾನೋಪ್ರೋಸ್ಟ್ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೇಲೆ ಗ್ಲಾಕೋಮಾ ಚಿಕಿತ್ಸೆಯ ರೂಢಿಯೇ ಬದಲಾಯಿತು. ಇವು ಏರಿಯ ಬುಡದ ಬಸಿನೀರಿನ ದಾರಿಯನ್ನು ಸಡಿಲ ಮಾಡಿ, ಒತ್ತಡವನ್ನು ಶೇ 25ರಿಂದ 33ರವರೆಗೆ ಇಳಿಸುತ್ತವೆ. ದಿನಕ್ಕೆ ಒಂದೇ ಹನಿ, ಸಾಮಾನ್ಯವಾಗಿ ರಾತ್ರಿ ಮಲಗುವ ಮುಂಚೆ. ಎರಡು ಹನಿ ಹಾಕಿದರೆ ಹೆಚ್ಚು ಇಳಿಯುತ್ತದೆ ಎಂದುಕೊಳ್ಳಬೇಡಿ. ದಿನಕ್ಕೆರಡು ಸಲ ಹಾಕಿದರೆ ಪರಿಣಾಮ ತಗ್ಗುವುದೂ ಉಂಟು. ಮೊದಲ ವಾರಗಳಲ್ಲಿ ಕಣ್ಣು ಕೆಂಪಾಗಬಹುದು. ರೆಪ್ಪೆಗೂದಲು ಉದ್ದವಾಗಿ ದಟ್ಟವಾಗುತ್ತದೆ. ಬಿಮಾಟೋಪ್ರೋಸ್ಟನ್ನು ಬೇರೆ ಕಡೆ ಚೆಂದಕ್ಕೆಂದೇ ರೆಪ್ಪೆಗೆ ಹಚ್ಚುತ್ತಾರೆ. ಕಣ್ಣಿನ ಸುತ್ತಲ ಚರ್ಮ ತುಸು ಕಪ್ಪಾಗಬಹುದು, ಕಣ್ಣು ಒಳಗೆ ಹೂತಂತೆ ಕಾಣಬಹುದು. ಒಂದೇ ಕಣ್ಣಿಗೆ ಹಾಕುವವರಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಕಣ್ಣೊಳಗೆ ಉರಿಯೂತ ಇರುವವರಿಗೆ ಡಾಕ್ಟರು ಇದನ್ನು ಯೋಚಿಸಿ ಕೊಡುತ್ತಾರೆ.

'ಒಲಾಲ್' ಎಂದು ಮುಗಿಯುವ ಟಿಮೊಲಾಲ್ ಹಳೆಯ ಹುಲಿ. 1978ರಿಂದ ಬಳಕೆಯಲ್ಲಿದೆ, ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಇದು ಒಳಹರಿವು ತಗ್ಗಿಸುವ ಔಷಧಿ. ರಾತ್ರಿ ಹೊತ್ತು ದ್ರವದ ಉತ್ಪತ್ತಿ ತಾನಾಗಿಯೇ ಅರ್ಧದಷ್ಟಕ್ಕೆ ಇಳಿಯುವುದರಿಂದ ರಾತ್ರಿ ಇದಕ್ಕೆ ಹೆಚ್ಚು ಕೆಲಸವಿಲ್ಲ, ಬೆಳಗಿನ ಹನಿ ಮಾತ್ರ ತಪ್ಪಿಸಬಾರದು. ಆದರೆ ನಾನು ಈ ಲೇಖನದಲ್ಲಿ ಯಾರಿಗಾದರೂ ಒಂದೇ ಎಚ್ಚರಿಕೆ ಕೊಡಬೇಕಾದರೆ ಅದು ಟಿಮೊಲಾಲ್ ಬಗ್ಗೆಯೇ. ಉಬ್ಬಸ ಇರುವವರಿಗೆ, ನಾಡಿ ಬಡಿತ ನಿಧಾನ ಇರುವವರಿಗೆ ಇದು ಅಪಾಯ. ಕಣ್ಣಿಗೆ ಹಾಕಿದ್ದು ಎದೆಗೆ ಹೇಗೆ ಹೋಗುತ್ತದೆ? ಕಣ್ಣಿನ ಒಳಮೂಲೆಯಲ್ಲಿ ಮೂಗಿಗೆ ಇಳಿಯುವ ಒಂದು ಸಣ್ಣ ಕೊಳವೆ ಇದೆ. ಅತ್ತಾಗ ಮೂಗು ಸೋರುವುದು ಅದರಿಂದಲೇ. ಔಷಧಿ ಆ ಕೊಳವೆಯಲ್ಲಿ ಇಳಿದು ಮೂಗಿನ ಒಳಪದರದಿಂದ ನೇರ ರಕ್ತಕ್ಕೆ ಸೇರುತ್ತದೆ. ನುಂಗಿದ ಮಾತ್ರೆಯಾದರೆ ಲಿವರ್ ದಾಟಿ ಬರಬೇಕು, ಇದಕ್ಕೆ ಆ ತಡೆಯೂ ಇಲ್ಲ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬಿಪಿ ಮಾತ್ರೆ ನುಂಗುತ್ತಿರುವವರಿಗೆ ಇದು ಅದೇ ಜಾತಿಯ ಇನ್ನೊಂದು ಔಷಧಿ ಸೇರಿದಂತೆ. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ತೀರಾ ಇಳಿದಾಗ ಎದೆ ಡವಗುಟ್ಟುವ ಮುನ್ಸೂಚನೆಯನ್ನೂ ಇದು ಮರೆಮಾಚಬಹುದು. ಹನಿ ಶುರು ಮಾಡಿದ ಮೇಲೆ ದಮ್ಮು, ತಲೆಸುತ್ತು, ವಿಪರೀತ ಸುಸ್ತು ಕಂಡರೆ ಅದನ್ನು ವಯಸ್ಸಿನ ತಲೆಗೆ ಕಟ್ಟದೆ ಕಣ್ಣಿನ ಡಾಕ್ಟರಿಗೇ ಹೇಳಿ. ಕಣ್ಣಿನ ಡಾಕ್ಟರ ಮುಂದೆ ಕೂತು ಉಬ್ಬಸದ ಮಾತೆತ್ತಲು ನಮ್ಮ ಜನ ಸಂಕೋಚ ಪಡುತ್ತಾರೆ, "ಅದ್ಕೂ ಇದ್ಕೂ ಏನು" ಅಂತ. ಸಂಕೋಚ ಬೇಡ.

'ಜೋಲಮೈಡ್' ಬಾಲದ ಡಾರ್ಜೋಲಮೈಡ್, ಬ್ರಿಂಜೋಲಮೈಡ್ ಕೂಡ ಒಳಹರಿವು ತಗ್ಗಿಸುವವೇ. ಹಾಕಿದ ಸ್ವಲ್ಪ ಹೊತ್ತಿಗೆ ಬಾಯಿ ಕಹಿಯಾದರೆ ಗಾಬರಿ ಬೇಡ, ಅದೇ ಮೂಗಿನ ಕೊಳವೆಯ ಮಹಿಮೆ. ಡಾರ್ಜೋಲಮೈಡ್ ಚುರುಗುಟ್ಟುತ್ತದೆ. ಬ್ರಿಂಜೋಲಮೈಡ್ ಹಾಲಿನಂತಿದ್ದು ತಳ ಸೇರುವುದರಿಂದ ಕುಲುಕಿ ಹಾಕಬೇಕು. ಸಲ್ಫಾ ಔಷಧಿ ಒಗ್ಗದವರು ಮೊದಲೇ ಹೇಳಬೇಕು. ಇದೇ ವಂಶದ ಅಸೆಟಜೋಲಮೈಡ್ ಮಾತ್ರೆ ಒತ್ತಡ ತುರ್ತಾಗಿ ಇಳಿಯಬೇಕಾದಾಗ ಕೊಡುವಂಥದ್ದು; ಬೆರಳ ತುದಿ ಜುಮುಗುಟ್ಟುವುದು, ಪದೇಪದೇ ಮೂತ್ರಕ್ಕೆ ಹೋಗುವುದು ಅದರ ಗುಣ.

'ನಿಡೀನ್' ಎಂದು ಮುಗಿಯುವ ಬ್ರಿಮೊನಿಡೀನ್ ಎರಡೂ ಕೆಲಸ ಸ್ವಲ್ಪ ಸ್ವಲ್ಪ ಮಾಡುತ್ತದೆ. ಬಾಯಿ ಒಣಗುತ್ತದೆ, ಮಂಪರು ಬರುತ್ತದೆ. ಇದನ್ನು ಹಾಕಿಕೊಂಡು ಟ್ರ್ಯಾಕ್ಟರ್ ಹತ್ತುವವರು ಮೊದಲ ಕೆಲವು ದಿನ ತಮ್ಮ ಮೈ ಹೇಗೆ ತಡೆದುಕೊಳ್ಳುತ್ತದೆ ಎಂದು ನೋಡಿಕೊಳ್ಳುವುದು ವಾಸಿ. ತಿಂಗಳುಗಳ ನಂತರ ಕಣ್ಣು ತುರಿಸಿ ಕೆಂಪಾಗಿ ಒಗ್ಗದೇ ಹೋಗುವುದೂ ಸಾಮಾನ್ಯ. ಎರಡು ವರ್ಷದೊಳಗಿನ ಮಗುವಿಗೆ ಇದು ನಿಷಿದ್ಧ, ಉಸಿರಾಟವೇ ಕುಗ್ಗಬಹುದು. ಅಜ್ಜಿಯ ಬಾಟಲಿ ಮೊಮ್ಮಗುವಿನ ಕೈಗೆ ಎಟುಕದ ಕಡೆ ಇರಲಿ.

ಪೈಲೋಕಾರ್ಪೀನ್ 1870ರ ದಶಕದಿಂದ ಇದೆ, ದಕ್ಷಿಣ ಅಮೆರಿಕದ ಒಂದು ಗಿಡದ ಎಲೆಯಿಂದ ಬಂದದ್ದು. ಪಾಪೆಯನ್ನು ಕುಗ್ಗಿಸಿ ತೂಬನ್ನು ಎಳೆದು ತೆರೆಯುತ್ತದೆ. ಮುಸ್ಸಂಜೆಯಾದರೆ ಮಬ್ಬು, ಹುಬ್ಬಿನ ಮೇಲೆ ನೋವು. ಈಗ ಅಪರೂಪಕ್ಕೆ, ಮುಖ್ಯವಾಗಿ ಮೂಲೆ ಇಕ್ಕಟ್ಟಾಗಿರುವ ಕಣ್ಣಿಗೆ ಬರೆಯುತ್ತಾರೆ. ತೀರಾ ಹೊಸದೆಂದರೆ 'ಸುಡಿಲ್' ಬಾಲದವು, ರಿಪಾಸುಡಿಲ್ ಮತ್ತು ನೆಟಾರ್ಸುಡಿಲ್. ನೇರವಾಗಿ ತೂಬಿನ ಹೂಳಿಗೇ ಕೈ ಹಾಕುವ ಔಷಧಿಗಳು, ಕಣ್ಣು ಕೆಂಪಾಗುವುದು ಇವುಗಳ ಕಾಟ. ಒಂದು ಔಷಧಿಯಲ್ಲಿ ಮಟ್ಟ ಇಳಿಯದಿದ್ದರೆ ಬೇರೆ ಗುಂಪಿನ ಇನ್ನೊಂದನ್ನು ಸೇರಿಸುತ್ತಾರೆ. ಎರಡು ಔಷಧಿ ಒಂದೇ ಬಾಟಲಿಯಲ್ಲಿ ಬೆರೆಸಿ ಬರುವವೂ ಬೇಕಾದಷ್ಟಿವೆ. ಉಬ್ಬಸದವರು ಇಂಥ ಜೋಡಿ ಬಾಟಲಿಯಲ್ಲಿ ಟಿಮೊಲಾಲ್ ಅಡಗಿ ಕೂತಿದೆಯೇ ಎಂದು ಓದಿಸಿ ನೋಡಬೇಕು.

ಇನ್ನು ಹಾಕುವ ವಿಧಾನ. ದೊಡ್ಡವ್ವ ಹಾಕಿಕೊಳ್ಳುವುದನ್ನು ನಾನು ಒಂದು ರಾತ್ರಿ ಪಕ್ಕದಲ್ಲಿ ಕೂತು ನೋಡಿದೆ. ಕತ್ತು ಅರ್ಧ ಎತ್ತಿ, ಬಾಟಲಿಯನ್ನು ಮೇಲೆ ದೂರದಲ್ಲಿ ಹಿಡಿದು ಹಿಂಡಿದಳು. ಮೊದಲ ಹನಿ ರೆಪ್ಪೆಯ ಮೇಲೆ, ಎರಡನೆಯದು ಕೆನ್ನೆಯ ಮೇಲೆ, ಮೂರನೆಯದು ಕಣ್ಣಿಗೆ. ಕೂಡಲೇ ಸೆರಗಿನಿಂದ ಎಲ್ಲವನ್ನೂ ಒರೆಸಿದಳು. 2.5 ಎಂ.ಎಲ್. ಬಾಟಲಿ ತಿಂಗಳು ಬರಬೇಕಾದ್ದು ಹದಿನೈದು ದಿನಕ್ಕೇ ಮುಗಿಯುವುದು ಯಾಕೆಂದು ಗೊತ್ತಾಯಿತು. "ನಿಂಗೆ ಆಸ್ಪತ್ರೇಲಿ ಹಾಕೋದು ತೋರಿಸಿಕೊಡಲಿಲ್ವಾ ದೊಡ್ಡವ್ವ?" ಅಂದೆ. "ಬರ್ಕೊಟ್ರು" ಅಂದಳು. ಬರೆದುಕೊಡುವುದಕ್ಕೆ ಹಿಡಿಯುವಷ್ಟೇ ಹೊತ್ತು ತೋರಿಸಿಕೊಡುವುದಕ್ಕೂ ಹಿಡಿಯುತ್ತದೆ. ಆದರೆ ಸಾಲಿನಲ್ಲಿ ನೂರು ಜನ ಕಾದಿರುವಾಗ ಆ ಎರಡು ನಿಮಿಷವೇ ಮೊದಲು ಹೋಗುವುದು.

ಸರಿಯಾದ ಕ್ರಮ ಇದು. ಕೈ ಸೋಪಿನಲ್ಲಿ ತೊಳೆದು, ಮಂಚದ ಮೇಲೆ ಅಂಗಾತ ಮಲಗುವುದು ವಯಸ್ಸಾದವರಿಗೆ ಎಲ್ಲಕ್ಕಿಂತ ಸುಲಭ. ಒಂದು ಕೈಯ ತೋರುಬೆರಳಿನಿಂದ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಕ್ಕೆಳೆದರೆ ಸಣ್ಣ ಜೇಬಿನಂಥ ಜಾಗ ತೆರೆಯುತ್ತದೆ. ಮೇಲಕ್ಕೆ, ತೊಲೆಯ ಕಡೆ ನೋಡುತ್ತ, ಬಾಟಲಿಯ ಮೂತಿ ಕಣ್ಣಿಗೂ ರೆಪ್ಪೆಗೂ ತಾಗದಂತೆ ಆ ಜೇಬಿಗೆ ಒಂದು ಹನಿ ಬಿಡಬೇಕು. ಕೈ ನಡುಗಿದರೆ ಬಾಟಲಿ ಹಿಡಿದ ಕೈಯನ್ನು ಹಣೆಯ ಮೇಲೆ ಊರಿಕೊಳ್ಳಬಹುದು. ಹನಿ ಬಿದ್ದ ಕೂಡಲೇ ಕಣ್ಣು ಪಿಳಿಪಿಳಿ ಮಾಡದೆ ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಒಳಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯಬೇಕು. ಮೂಗಿಗೆ ಇಳಿಯುವ ಕೊಳವೆ ಅಲ್ಲೇ ಶುರುವಾಗುವುದು. ಅದನ್ನು ಮುಚ್ಚಿದರೆ ಔಷಧಿ ಕಣ್ಣಿನಲ್ಲೇ ಉಳಿಯುತ್ತದೆ, ರಕ್ತಕ್ಕೆ ಹೋಗುವುದು ತಗ್ಗುತ್ತದೆ, ಬಾಯಿ ಕಹಿಯೂ ಆಗುವುದಿಲ್ಲ. ಬಾಟಲಿಯ ಒಂದು ಹನಿಯೇ ಕಣ್ಣು ಹಿಡಿಯಬಲ್ಲದ್ದಕ್ಕಿಂತ ಹೆಚ್ಚು, ಎರಡನೆಯದು ಕೆನ್ನೆಯ ಪಾಲು. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷವಾದರೂ ಬಿಡಬೇಕು. ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಒಂದು ಹೊತ್ತು ಮರೆತರೆ ನೆನಪಾದಾಗ ಹಾಕಿ; ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡಿ, ಎರಡರಷ್ಟು ಹಾಕಬೇಡಿ. ತಪಾಸಣೆಯ ದಿನ ಹನಿ ಬಿಟ್ಟು ಹೋಗುವವರಿದ್ದಾರೆ. ಡಾಕ್ಟರು ಬಿಡಿ ಎಂದು ಹೇಳದಿದ್ದರೆ ಎಂದಿನಂತೆ ಹಾಕಿಕೊಂಡೇ ಹೋಗಬೇಕು, ಹನಿ ಕೆಲಸ ಮಾಡುತ್ತಿದೆಯೇ ಎಂದು ನೋಡುವುದಕ್ಕೇ ಅಲ್ಲವೇ ಹೋಗುವುದು.

ಬಾಟಲಿ ಒಡೆದ ದಿನಾಂಕವನ್ನು ಅದರ ಮೇಲೇ ಬರೆಯಿರಿ. ನಾಲ್ಕು ವಾರ ಕಳೆದರೆ ಉಳಿದದ್ದು ಚೆಲ್ಲಿ, ಹೊಸದು ತನ್ನಿ. ಲಟಾನೋಪ್ರೋಸ್ಟನ್ನು ಒಡೆಯುವ ತನಕ ಸಾಮಾನ್ಯವಾಗಿ ಫ್ರಿಜ್‌ನಲ್ಲಿಡಬೇಕು, ಫ್ರೀಜರ್‌ನಲ್ಲಲ್ಲ. ಹೊರಗಿಡಬಹುದಾದ ಬಗೆಯೂ ಬಂದಿದೆ, ಲೇಬಲ್ ನೋಡಿ ಕೇಳಿ. ಫ್ರಿಜ್ ಇಲ್ಲದ ಮನೆಯವರು ಅದನ್ನು ಡಾಕ್ಟರಿಗೆ ಹೇಳಿದರೆ ಅದಕ್ಕೆ ತಕ್ಕದ್ದನ್ನೇ ಬರೆಯುತ್ತಾರೆ. ಓದಲು ಬಾರದವರಿಗೆ, ಅಕ್ಷರ ಕಾಣದವರಿಗೆ ನಾನು ಕಂಡ ಒಳ್ಳೆಯ ಉಪಾಯ ರಬ್ಬರ್ ಬ್ಯಾಂಡು: ಬೆಳಿಗ್ಗೆ ರಾತ್ರಿ ಎರಡೂ ಹೊತ್ತಿನ ಬಾಟಲಿಗೆ ಎರಡು ಸುತ್ತು ಬ್ಯಾಂಡು, ರಾತ್ರಿಯದಕ್ಕೆ ಮಾತ್ರ ಒಂದು. ಕತ್ತಲಲ್ಲೂ ಕೈಗೆ ಗೊತ್ತಾಗುತ್ತದೆ.

ಖರ್ಚಿನ ಮಾತು. ಇದು ಬದುಕಿರುವವರೆಗೂ ಹಾಕಬೇಕಾದ್ದು, ಹಾಗಾಗಿ ತಿಂಗಳ ಬಾಬತ್ತು ಲೆಕ್ಕಕ್ಕೆ ಬರುತ್ತದೆ. ದುಡ್ಡು ಹೊಂದದ ತಿಂಗಳು ಹನಿ ನಿಲ್ಲಿಸುವ ಬದಲು, ಅಗ್ಗದ ಔಷಧಿ ಇದೆಯೇ ಎಂದು ಡಾಕ್ಟರನ್ನೇ ಕೇಳಬೇಕು. ಜನೌಷಧಿ ಕೇಂದ್ರಗಳಲ್ಲಿ ಕಂಪನಿ ಹೆಸರಿಲ್ಲದೆ ಅದೇ ಔಷಧಿ ಕಡಿಮೆ ಬೆಲೆಗೆ ಸಿಗಬಹುದು. ಸಣ್ಣಕ್ಷರದ ಹೆಸರೂ ಶೇಕಡಾ ಅಂಕಿಯೂ ಚೀಟಿಯಲ್ಲಿದ್ದದ್ದೇ ಆಗಿರಬೇಕು, ಅಷ್ಟೆ. ಲೇಸರ್ ಎಂಬ ದಾರಿಯೂ ಇದೆ. ತೂಬಿನ ಬಲೆಗೆ ಬೆಳಕಿನ ಸಣ್ಣ ಪೆಟ್ಟು ಕೊಟ್ಟು ಸಡಿಲಿಸುವುದು. ಹೊಸದಾಗಿ ಕಾಯಿಲೆ ಪತ್ತೆಯಾದವರಿಗೆ ಹನಿಗೆ ಮೊದಲೇ ಅದನ್ನು ಮಾಡಿದರೂ ಆದೀತು ಎಂದು 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನ ತೋರಿಸಿತು. ಅದೂ ಸಾಲದಿದ್ದರೆ ಆಪರೇಷನ್, ಅಂದರೆ ಕೋಡಿ ಇಲ್ಲದ ಕೆರೆಗೆ ಒಂದು ಕೋಡಿ ಮಾಡಿಕೊಡುವುದು.

ಇನ್ನೊಂದು ಜಾತಿಯ ಗ್ಲಾಕೋಮಾ ಇದೆ, ತೂಬಿನ ಬಾಯೇ ದಿಢೀರನೆ ಮುಚ್ಚಿಕೊಳ್ಳುವಂಥದ್ದು. ತಡೆಯಲಾರದ ಕಣ್ಣುನೋವು, ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ. ವಾಂತಿ ನೋಡಿ ಪಿತ್ತ ಎಂದುಕೊಂಡು ಜನ ಒಂದು ರಾತ್ರಿ ಕಳೆಯುತ್ತಾರೆ, ಆ ರಾತ್ರಿಯಲ್ಲೇ ಕಣ್ಣು ಹೋಗಬಹುದು. ಇದಕ್ಕೆ ಮನೆಯಲ್ಲಿರುವ ಹನಿ ನಂಬಿ ಕೂರದೆ ಆಸ್ಪತ್ರೆಗೆ ಓಡಬೇಕು.

ಹನಿಯಿಂದಲೇ ಗ್ಲಾಕೋಮಾ ಬರುವುದೂ ಇದೆ. ಕಬ್ಬಿನ ಗರಿ ಕಣ್ಣಿಗೆ ಹೊಡೆಯಿತು, ಮಗುವಿಗೆ ಬೇಸಿಗೆಯಲ್ಲಿ ಕಣ್ಣು ತುರಿಸಿತು ಎಂದರೆ ಅಂಗಡಿಗೆ ಹೋಗಿ "ಕೆಂಪಿಗೆ ಒಂದು ಹನಿ ಕೊಡಿ" ಎನ್ನುವುದು ನಮ್ಮ ರೂಢಿ. ಸಿಗುವುದು ಎಷ್ಟೋ ಸಲ ಸ್ಟೀರಾಯ್ಡ್: ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್. ಒಂದೇ ದಿನದಲ್ಲಿ ಕೆಂಪು ಮಾಯ, ಮಗು ನಗುತ್ತದೆ. ಅದೇ ಬಾಟಲಿಯನ್ನು ತಿಂಗಳುಗಟ್ಟಲೆ ಹಾಕಿದರೆ ಒಳಗೆ ತೂಬು ಕಟ್ಟಿಕೊಂಡು ಒತ್ತಡ ಏರುತ್ತದೆ. ಗರಿ ಹೊಡೆದ ಗಾಯಕ್ಕೆ ಬೂಷ್ಟಿನ ಸೋಂಕು ಹತ್ತಿದ್ದರಂತೂ ಸ್ಟೀರಾಯ್ಡ್ ಹನಿ ಬೆಂಕಿಗೆ ಸೀಮೆಎಣ್ಣೆ. ಹರಳೆಣ್ಣೆ, ಜೇನು, ಎದೆಹಾಲು ಕಣ್ಣಿಗೆ ಬಿಡುವುದನ್ನೂ ನಿಲ್ಲಿಸಬೇಕು. ಮೈಸೂರು ಪಕ್ಕದಲ್ಲೇ ಇರುವುದರಿಂದ ಯೋಗ ಮಾಡುವವರಿಗೂ ಒಂದು ಮಾತು: ಶೀರ್ಷಾಸನದಲ್ಲಿ ಕಣ್ಣಿನ ಒತ್ತಡ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ, ಗ್ಲಾಕೋಮಾ ಇರುವವರು ಅದನ್ನು ಬಿಡುವುದೇ ಸರಿ.

ತೋರಿಸುವುದೆಲ್ಲಿ? ನಾಗಮಂಗಲದವರಿಗೆ ಬೆಳ್ಳೂರಿನ ಬಳಿ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ ಹತ್ತಿರ. ಶ್ರೀರಂಗಪಟ್ಟಣ, ಪಾಂಡವಪುರದವರು ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಹೋಗುತ್ತಾರೆ. ಕೆ.ಆರ್.ಪೇಟೆಯವರಿಗೆ ಎಲ್ಲವೂ ಸಮದೂರ, ಎಲ್ಲವೂ ದೂರವೇ. ಬೆಂಗಳೂರಿನಲ್ಲಿ 1896ರಷ್ಟು ಹಳೆಯ ಮಿಂಟೋ ಕಣ್ಣಾಸ್ಪತ್ರೆ ಇದ್ದೇ ಇದೆ. ಎಲ್ಲಿಗೆ ಹೋದರೂ ಗೋಡೆಯ ಮೇಲಿನ ಅಕ್ಷರ ಓದಿಸಿ ಕಳಿಸಿದರೆ ಗ್ಲಾಕೋಮಾ ಸಿಗುವುದಿಲ್ಲ. ಒತ್ತಡ ಅಳೆಯಬೇಕು, ಪಾಪೆಯ ಒಳಗಿಂದ ನರ ನೋಡಬೇಕು, ಅಂಚಿನ ನೋಟದ ಪರೀಕ್ಷೆ ಮಾಡಬೇಕು. "ಪ್ರೆಷರ್ ನೋಡಿದಿರಾ ಡಾಕ್ಟ್ರೇ?" ಎಂದು ಬಾಯಿಬಿಟ್ಟು ಕೇಳಿ. ಮನೆಯಲ್ಲಿ ಒಬ್ಬರಿಗೆ ಇದ್ದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಬರುವ ಸಾಧ್ಯತೆ ಹೆಚ್ಚು. ದೊಡ್ಡವ್ವನಿಗೆ ಕಂಡ ಮೇಲೆ ನಮ್ಮವ್ವನನ್ನೂ ಕರೆದುಕೊಂಡು ಹೋಗಿ ತೋರಿಸಿದೆವು. ಸದ್ಯಕ್ಕೆ ಏನೂ ಇಲ್ಲ, ವರ್ಷಕ್ಕೊಮ್ಮೆ ಬನ್ನಿ ಎಂದಿದ್ದಾರೆ.

ದೊಡ್ಡವ್ವ ಈಗ ರಾತ್ರಿ ಊಟವಾದ ಮೇಲೆ ಮಲಗಿಕೊಂಡೇ ಹನಿ ಹಾಕಿಸಿಕೊಳ್ಳುತ್ತಾಳೆ. ಸೊಸೆ ಹಾಕುತ್ತಾಳೆ, ಮೂಲೆ ಒತ್ತಿಕೊಳ್ಳುವುದು ಇವಳ ಕೆಲಸ. ಎರಡು ನಿಮಿಷ ಎಂದರೆ ಎಷ್ಟು ಎಂದು ಗೊತ್ತಾಗದೆ ನೂರಿಪ್ಪತ್ತರವರೆಗೆ ಎಣಿಸುತ್ತಾಳೆ. ಹೋದ ಸಲ ತಪಾಸಣೆ ಮುಗಿಸಿ ಬಸ್‌ಸ್ಟ್ಯಾಂಡಿನಿಂದಲೇ ಫೋನ್ ಮಾಡಿದಳು. "ಬಲಗಣ್ಣು ಹದಿನಾಲ್ಕಂತೆ, ಎಡಗಣ್ಣು ಹದಿನಾರಂತೆ ಕನಪ್ಪ." ಒಂದು ಕ್ಷಣ ಬಿಟ್ಟು ಕೇಳಿದಳು: "ಕಟ್ಟೇಲೆಷ್ಟದೆ ಇವತ್ತು?"